ಮನೆಯಂಗಳ: ಬೋಳಿಸಬೇಡಿ, ಬಾಚಿ

ಮಾರ್ಚ್ ಬಂದು ಸೆಕೆ ಏರತೊಡಗಿದರೆ ಉದ್ದಗೂದಲಿನ ನಾಯಿ ಸಾಕಿದವರ ಮನೆಗಳಲ್ಲಿ ಒಂದು ಮಾತು ಹುಟ್ಟಿಕೊಳ್ಳುತ್ತದೆ. “ಪಾಪ, ನಮಗೇ ಬನಿಯನ್ ಹಾಕಿಕೊಂಡು ಕೂರಲು ಆಗುವುದಿಲ್ಲ. ಅದು ಕಂಬಳಿ ಹೊದ್ದ ಹಾಗಿದೆ. ಒಮ್ಮೆ ಮಿಷನ್ ಹಾಕಿ ಬೋಳಿಸಿಬಿಡೋಣ.” ಕರುಣೆಯಿಂದ ಬಂದ ಮಾತೇ ಸರಿ. ಆದರೆ ಜರ್ಮನ್ ಶೆಫರ್ಡ್, ಕೋಲಿ ಮುಂತಾದ ಕುರಿಕಾಯುವ ನಾಯಿಗಳ ಮಟ್ಟಿಗೆ ಈ ಕರುಣೆ ಅವುಗಳಿಗೆ ಕೇಡನ್ನೇ ಮಾಡುತ್ತದೆ. ಓದುಗರೇ, ಈ ಸಲ ಅದರ ಬಗ್ಗೆಯೇ ಬರೆಯುತ್ತೇನೆ.

ನಮ್ಮ ನಾಡಿನ ಮುಧೋಳ ನಾಯಿಯನ್ನು ನೋಡಿದ್ದೀರಲ್ಲ, ನುಣುಪು ಮೈ, ಗಿಡ್ಡ ಕೂದಲು. ಬಿಸಿಲಿನ ಬಯಲಿಗೆ ತಕ್ಕ ಮೈ ಅದು. ಕೋಲಿ ಹಾಗಲ್ಲ. ಸ್ಕಾಟ್ಲೆಂಡಿನ ಚಳಿಗಾಳಿಯ ಗುಡ್ಡಗಳಲ್ಲಿ ಕುರಿಗಳ ಹಿಂದೆ ಓಡಿದ ನಾಯಿ. ಹಿಂದೆ ನಮ್ಮಲ್ಲಿ ಅಲ್ಸೇಶಿಯನ್ ಎಂದೇ ಕರೆಯುತ್ತಿದ್ದ ಜರ್ಮನ್ ಶೆಫರ್ಡ್ ಕೂಡ ಕುರಿಗಾಹಿಗಳ ನಾಯಿಯೇ. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ 1899ರಲ್ಲಿ ಜರ್ಮನಿಯ ಕುರಿನಾಯಿಗಳಿಂದ ಆ ತಳಿಯನ್ನು ಕಟ್ಟಿದರು. ಪೊಲೀಸ್ ನಾಯಿ ಎಂಬ ಹೆಸರು ಆಮೇಲೆ ಬಂದದ್ದು. ಈಗ ಇವು ಮಂಜೇಶ್ವರ, ಕುಂಬಳೆಯ ಅಡಿಕೆ ತೋಟದ ಮನೆಗಳಲ್ಲೂ ಇವೆ. ತಂದವರು ನಾವು. ಆದ್ದರಿಂದ ಆ ಮೈಯನ್ನು ಈ ಊರಿನ ಹವೆಯಲ್ಲಿ ಕಾಪಾಡುವ ಹೊಣೆಯೂ ನಮ್ಮದೇ.

ಇವುಗಳ ಮೈಮೇಲೆ ಎರಡು ಪದರ ಕೂದಲಿರುತ್ತದೆ. ಹೊರಗೆ ಕಾಣುವುದು ಉದ್ದನೆಯ, ಸ್ವಲ್ಪ ಒರಟಾದ ಹೊರಗೂದಲು. ಅದನ್ನು ಬೆರಳಿನಿಂದ ಸರಿಸಿದರೆ ಚರ್ಮಕ್ಕೆ ಅಂಟಿಕೊಂಡಂತೆ ಹತ್ತಿಯ ಹಾಗಿರುವ ಒಳತುಪ್ಪಳ ಕಾಣುತ್ತದೆ. ಹೊರಗೂದಲು ಮಳೆನೀರನ್ನು ಜಾರಿಸುತ್ತದೆ, ಬಿಸಿಲು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಒಳತುಪ್ಪಳ ತನ್ನ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಹೊರಗಿನ ಚಳಿಯನ್ನೂ ಬಿಸಿಯನ್ನೂ ದೂರವಿಡುತ್ತದೆ. ವರ್ಷಕ್ಕೆ ಎರಡು ಸಲ ಈ ತುಪ್ಪಳ ಕಂತೆ ಕಂತೆಯಾಗಿ ಉದುರುತ್ತದೆ. ಚಳಿ ಬೇಸಿಗೆಗಳ ಭೇದ ಕಡಿಮೆಯಿರುವ ನಮ್ಮ ಕರಾವಳಿಯಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಲೇ ಇರುತ್ತದೆ. ಹೆಣ್ಣು ನಾಯಿ ಮರಿ ಹಾಕಿದ ಕೆಲವು ವಾರಗಳ ಮೇಲೆ ಇನ್ನೂ ಹೆಚ್ಚು. ಗುಡಿಸಿ ಗುಡಿಸಿ ಮನೆಯಾಕೆಗೆ ಸಾಕುಸಾಕಾಗುವುದು ಆಗಲೇ.

ತೊಂದರೆ ಎಲ್ಲಿ ಎಂದರೆ, ಉದುರಿದ ತುಪ್ಪಳವೆಲ್ಲ ನೆಲಕ್ಕೆ ಬೀಳುವುದಿಲ್ಲ. ಅರ್ಧ ಭಾಗ ಹೊರಗೂದಲಿನ ಅಡಿಯಲ್ಲೇ ಸಿಕ್ಕಿಕೊಂಡು ದಪ್ಪ ಕಂಬಳಿಯಾಗಿ ಕೂರುತ್ತದೆ. ಆಗ ಗಾಳಿಯಾಡುವುದು ನಿಲ್ಲುತ್ತದೆ. ನಾಯಿಗೆ ಸೆಕೆಯಾಗುವುದು ಈ ಸತ್ತ ತುಪ್ಪಳದಿಂದ, ಜೀವಂತ ಕೂದಲಿನಿಂದಲ್ಲ. ಅದನ್ನು ಬಾಚಿ ತೆಗೆದರೆ ಸಾಕು.

ಬೋಳಿಸಿದರೆ ತಂಪಾಗುವುದಿಲ್ಲವೇ ಎಂದು ಕೇಳಬಹುದು. ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗುವ ಪ್ರಾಣಿ ಅದಲ್ಲ. ನಾಯಿಯ ಬೆವರು ಬಹುಪಾಲು ಅಂಗಾಲಿನಲ್ಲಿ ಮಾತ್ರ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಬಿಸಿ ಇಳಿಸಿಕೊಳ್ಳಬೇಕು. ಕೂದಲು ತೆಗೆದರೆ ಬಿಸಿಲು ನೇರವಾಗಿ ಚರ್ಮಕ್ಕೆ ಬಡಿಯುತ್ತದೆ, ಸೊಳ್ಳೆ ನೊಣಗಳಿಗೆ ದಾರಿ ಸಲೀಸು. ಮತ್ತೆ ಬೆಳೆಯುವಾಗ ಮೃದು ತುಪ್ಪಳವೇ ಮೊದಲು ಮುನ್ನುಗ್ಗಿ ಹೊರಗೂದಲು ಹಿಂದೆ ಬೀಳುವುದುಂಟು. ಆಗ ಮೈ ಉಣ್ಣೆಯ ಹಾಗಾಗಿ ಮೊದಲಿಗಿಂತ ಬೇಗ ಸಿಕ್ಕುಗಟ್ಟುತ್ತದೆ. ಕೆಲವು ನಾಯಿಗಳಿಗೆ ಬೋಳಿಸಿದ ಜಾಗದಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ಕಳೆದರೂ ಕೂದಲು ಬಾರದೆ ತೇಪೆ ಹಚ್ಚಿದಂತೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ, ಹುಣ್ಣಿನ ಔಷಧಿಗೆ ಪಶುವೈದ್ಯರು ಬೋಳಿಸಿದರೆ ಅದು ಬೇರೆ ಮಾತು. ಸೆಕೆಗೆ ಬೇಕಾದದ್ದು ನೆರಳು, ಯಾವಾಗಲೂ ತುಂಬಿದ ನೀರಿನ ಪಾತ್ರೆ, ಮಲಗಲು ತಂಪಾದ ನೆಲ, ಬೆಳಗ್ಗೆ ಬೇಗ ಅಥವಾ ಕತ್ತಲಾದ ಮೇಲೆ ತಿರುಗಾಟ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಏದುಸಿರಿನಿಂದಲೂ ನಾಯಿ ಬೇಗ ತಂಪಾಗುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಅದನ್ನು ತಗಡಿನ ಗೂಡಿನಲ್ಲಿ ಕೂಡಿಹಾಕಿ, ಕೂದಲನ್ನು ದೂರುವುದರಲ್ಲಿ ಅರ್ಥವಿಲ್ಲ.

ಇನ್ನು ಬಾಚುವ ಕೆಲಸ. ಇದಕ್ಕೆ ದೊಡ್ಡ ಸಾಮಾನು ಬೇಡ. ಸಣ್ಣ ಬಾಗಿದ ತಂತಿಗಳಿರುವ ಸ್ಲಿಕರ್ ಬ್ರಷ್ ಒಂದು, ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ಒಂದು, ತುಪ್ಪಳ ಎಳೆಯುವ ರೇಕ್ ಒಂದು. ನೀರು ಚಿಮುಕಿಸುವ ಬಾಟಲಿ ಮನೆಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಬ್ಲೇಡಿನಂಥ ಅಲಗಿರುವ ಸಾಧನವನ್ನೂ ತೋರಿಸುತ್ತಾರೆ. ಒಂದೇ ಸಲಕ್ಕೆ ರಾಶಿ ಕೂದಲು ಬರುವುದನ್ನು ಕಂಡು ಜನ ಮರುಳಾಗುತ್ತಾರೆ. ಮತ್ತೆ ಮತ್ತೆ ಎಳೆದರೆ ಅದು ಒಳ್ಳೆಯ ಹೊರಗೂದಲನ್ನೂ ತುಂಡರಿಸುತ್ತದೆ. ನನ್ನ ಮಟ್ಟಿಗೆ ಅದು ಬೇಡ.

ಹೆಚ್ಚಿನವರು ಮಾಡುವುದು ಬೆನ್ನಮೇಲೆ ಮೇಲಿಂದ ಮೇಲೆ ಬ್ರಷ್ ಎಳೆಯುವುದು. ಮೇಲೆ ಪಳಪಳ ಹೊಳೆಯುತ್ತದೆ, ಅಡಿಯಲ್ಲಿ ಕಂಬಳಿ ಹಾಗೇ ಇರುತ್ತದೆ. ಸರಿಯಾದ ಕ್ರಮ ಗೆರೆ ಗೆರೆಯಾಗಿ ಬಾಚುವುದು. ನಾಯಿಯನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಹಿಂಗಾಲಿನ ಕೆಳಗಿನಿಂದ ತೊಡಗಿ. ಎಡಗೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದರೆ ಬೈತಲೆ ತೆಗೆದಂತೆ ಚರ್ಮದ ಬಿಳಿ ಗೆರೆ ಕಾಣುತ್ತದೆ. ಆ ಗೆರೆಯಿಂದ ಒಂದು ತೆಳು ಪದರವನ್ನಷ್ಟೇ ಕೆಳಗಿಳಿಸಿ, ಬುಡದಿಂದ ತುದಿಯವರೆಗೆ ಬಾಚಿ. ಅದು ಸಲೀಸಾದ ಮೇಲೆ ಅರ್ಧ ಅಂಗುಲ ಮೇಲೆ ಇನ್ನೊಂದು ಗೆರೆ. ಹೀಗೆ ತೊಡೆ, ಪಕ್ಕೆ, ಭುಜ, ಕತ್ತು ಎಂದು ಏರುತ್ತ ಹೋಗಿ, ಆಮೇಲೆ ಮಗ್ಗುಲು ಬದಲಿಸಿ. ಒಣ ಕೂದಲನ್ನು ಎಳೆದರೆ ತುಂಡಾಗುತ್ತದೆ. ತುಸು ನೀರು ಚಿಮುಕಿಸಿಕೊಳ್ಳಿ. ಬ್ರಷ್ಷಿನ ತಂತಿ ಚರ್ಮವನ್ನು ಗೀರಬಾರದು. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಕೊನೆಗೆ ಸ್ಟೀಲ್ ಬಾಚಣಿಗೆಯನ್ನು ಬುಡಕ್ಕೆ ಇಳಿಸಿ ಎಳೆಯಿರಿ. ಎಲ್ಲೂ ತಡೆಯದೆ ಬಂದರೆ ಆ ಭಾಗದ ಕೆಲಸ ಮುಗಿಯಿತು.

ಮೊದಲ ಸಲ ಒಂದು ಗಂಟೆಗೂ ಹೆಚ್ಚು ಬೇಕು. ಒಂದೇ ದಿನ ಮುಗಿಸಬೇಕೆಂಬ ಹಟ ಬೇಡ, ಇಂದು ಒಂದು ಮಗ್ಗುಲು, ನಾಳೆ ಇನ್ನೊಂದು. ಆಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು, ಉದುರುವ ದಿನಗಳಲ್ಲಿ ಮಾತ್ರ ದಿನಾಲೂ. ಮರಿಯಿರುವಾಗಲೇ ಐದು ಐದು ನಿಮಿಷ ರೂಢಿ ಮಾಡಿಸಿದರೆ ದೊಡ್ಡದಾದ ಮೇಲೆ ತಾನೇ ಬಂದು ಮಲಗುತ್ತದೆ. ಮಕ್ಕಳಿಗೂ ಇದರಲ್ಲಿ ಪಾಲು ಕೊಡಿ, ಆದರೆ ದೊಡ್ಡವರು ಪಕ್ಕದಲ್ಲಿರಲಿ.

ಸಿಕ್ಕು ಕಟ್ಟುವ ಜಾಗಗಳು ಯಾವಾಗಲೂ ಅವೇ: ಕಿವಿಯ ಹಿಂದೆ, ಮುಂಗಾಲಿನ ಕಂಕುಳು, ಕುತ್ತಿಗೆಪಟ್ಟಿಯ ಅಡಿ, ತೊಡೆಯ ಹಿಂಭಾಗ, ಬಾಲದ ಬುಡ. ಗಂಟನ್ನು ಒಮ್ಮೆಲೇ ಎಳೆಯಬೇಡಿ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಬೆರಳುಗಳಿಂದ ಬಿಡಿಸುತ್ತ, ತುದಿಯಿಂದ ಬುಡದ ಕಡೆಗೆ ಬಾಚಣಿಗೆಯ ಮೂಲೆಯಿಂದ ಕೀಳಿ. ಕತ್ತರಿಯನ್ನು ಗಂಟಿನ ಅಡಿಗೆ ತೂರಿಸಿ ಕತ್ತರಿಸುವುದು ಬಹಳ ಅಪಾಯ. ಎಳೆದ ಗಂಟಿನ ಜೊತೆ ಚರ್ಮವೂ ಮೇಲೆದ್ದಿರುತ್ತದೆ, ಕತ್ತರಿ ಅದನ್ನೂ ಸೇರಿಸಿ ಕತ್ತರಿಸುತ್ತದೆ. ಬೇರೆ ದಾರಿಯೇ ಇಲ್ಲವಾದರೆ ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲೆ ಕತ್ತರಿಸಿ. ಕತ್ತರಿ ನಿಜವಾಗಿ ಬೇಕಾಗುವುದು ಅಂಗಾಲಿನ ಬೆರಳುಗಳ ನಡುವೆ ಬೆಳೆದ ಕೂದಲಿಗೆ, ಗುದದ್ವಾರದ ಸುತ್ತಲಿನ ಕೂದಲಿಗೆ. ಅಲ್ಲಿ ಗಿಡ್ಡ ಮಾಡಿದರೆ ಶುಚಿಯೂ ಹೌದು, ನುಣುಪು ನೆಲದಲ್ಲಿ ಜಾರುವುದೂ ತಪ್ಪುತ್ತದೆ.

ಸ್ನಾನ ಆರರಿಂದ ಎಂಟು ವಾರಕ್ಕೊಮ್ಮೆ ಸಾಕು. ಬಾಚದೆ ನೀರು ಹಾಕಿದರೆ ಇದ್ದ ಸಿಕ್ಕು ಬಿಗಿದು ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲು ಬಾಚು, ಆಮೇಲೆ ಸ್ನಾನ. ನಮ್ಮ ಸೋಪು ಶಾಂಪೂ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ನಾಯಿಯದೇ ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಬೆರೆಸಿಕೊಂಡರೆ ಒಳತುಪ್ಪಳದವರೆಗೆ ಇಳಿಯುತ್ತದೆ. ನೊರೆ ಪೂರಾ ಹೋಗುವವರೆಗೆ ತೊಳೆಯಿರಿ, ಉಳಿದ ಶಾಂಪೂ ತುರಿಕೆ ತರುತ್ತದೆ. ಬೆಳಗ್ಗೆ ಹತ್ತರೊಳಗೆ ಮುಗಿಸಿದರೆ ಸಂಜೆಗೆ ಬುಡದವರೆಗೆ ಒಣಗುತ್ತದೆ. ಟವೆಲಿನಿಂದ ಉಜ್ಜಿ ತಿರುಚಬೇಡಿ, ಒತ್ತಿ ನೀರು ಹೀರಿಸಿ. ಫ್ಯಾನಿನ ಮುಂದೆ ಕೂರಿಸಿ ಬಾಚುತ್ತಿರಿ. ಹೇರ್ ಡ್ರೈಯರ್ ಆದರೆ ತಣ್ಣನೆಯ ಗಾಳಿ ಮಾತ್ರ.

ನಮ್ಮ ಕಡೆಯ ನಿಜವಾದ ಪರೀಕ್ಷೆ ಬೇಸಿಗೆಯಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಮೇಲೆ ಒಣಗಿದಂತೆ ಕಂಡರೂ ತುಪ್ಪಳ ಒಳಗೆ ಹಸಿಯಾಗಿಯೇ ಇರುತ್ತದೆ. ಅದರಡಿ ಚರ್ಮ ಕೆಂಪಾಗಿ, ನೀರು ಒಸರಿ, ಒಂದೇ ದಿನದಲ್ಲಿ ಅಂಗೈಯಗಲ ಹುಣ್ಣಾಗುವುದುಂಟು. ಅದರ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ ಹುಳು ಬೀಳುತ್ತದೆ. ಗಿಡ್ಡಗೂದಲಿನ ನಾಯಿಯಲ್ಲಿ ಗಾಯ ಮೊದಲ ದಿನವೇ ಕಾಣುತ್ತದೆ. ಉದ್ದಗೂದಲಿನದರಲ್ಲಿ ವಾಸನೆ ಬಂದ ಮೇಲೆ ತಿಳಿಯುತ್ತದೆ, ಅಷ್ಟರಲ್ಲಿ ಹುಳು ಮಾಂಸದೊಳಗೆ ಇಳಿದಿರುತ್ತದೆ. ನಾಯಿ ಒಂದೇ ಜಾಗವನ್ನು ನೆಕ್ಕುತ್ತಿದ್ದರೆ, ಬಾಲದಡಿ ತಿರುತಿರುಗಿ ನೋಡುತ್ತಿದ್ದರೆ ಅದೇ ಗಳಿಗೆಯಲ್ಲಿ ಕೂದಲು ಸರಿಸಿ ನೋಡಿ, ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ಸ್ನಾನ ಕಡಿಮೆ ಮಾಡಿ, ಬಾಚುವುದನ್ನು ಹೆಚ್ಚಿಸಿ. ತೋಟದ ಕೆಂಪು ಕೆಸರು ಹತ್ತಿದ್ದರೆ ನೀರು ಹೊಯ್ಯುವ ಅವಸರ ಬೇಡ, ಒಣಗಿದ ಮೇಲೆ ಬಾಚಿದರೆ ಪುಡಿಯಾಗಿ ಉದುರುತ್ತದೆ.

ಗೆರೆ ತೆಗೆದು ಬಾಚುವಾಗ ಚರ್ಮದ ಪ್ರತಿ ಅಂಗುಲವೂ ಕಣ್ಣಿಗೆ ಬೀಳುತ್ತದೆ. ಗಡ್ಡೆ, ಗಾಯ, ಹೆಣ್ಣುನಾಯಿಯ ಮೊಲೆಯಲ್ಲಿ ಹೊಸ ಗಂಟು, ಎಲ್ಲವೂ ಬೇಗ ಸಿಗುತ್ತವೆ. ಉಣ್ಣೆಗಳೂ ಸಿಗುತ್ತವೆ. ಕನ್ನಡದಲ್ಲಿ ಕುರಿಯ ತುಪ್ಪಳಕ್ಕೂ ರಕ್ತ ಹೀರುವ ಹುಳಕ್ಕೂ ಉಣ್ಣೆ ಎಂದೇ ಹೆಸರು. ಈ ನಾಯಿಗಳ ಮೈಯಲ್ಲಿ ಎರಡೂ ಒಟ್ಟಿಗೇ ಇರುವುದರಿಂದ ಇಲ್ಲಿ ಹುಳಕ್ಕೆ ಉಣುಗು ಎನ್ನೋಣ. ಉಣುಗಿನಿಂದ ಬರುವ ಜ್ವರ ನಾಯಿಯನ್ನು ಕೊಲ್ಲಬಲ್ಲದು. ಊಟ ಬಿಟ್ಟು ಮಂಕಾದರೆ, ವಸಡು ಬಿಳಿಚಿದರೆ ತಡಮಾಡಬೇಡಿ. ಉಣುಗು ಸಾಯಲೆಂದು ಸೀಮೆಎಣ್ಣೆ, ಫಿನೈಲ್ ಹಚ್ಚುವವರು ಇನ್ನೂ ಇದ್ದಾರೆ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ.

ಕೋಲಿ ಸಾಕಿದವರಿಗೆ ಇನ್ನೊಂದು ಮಾತು. ಉಣುಗಿಗೆ, ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧಿ ಅನೇಕ ಕೋಲಿಗಳ ಮಿದುಳಿಗೆ ನುಗ್ಗಿ ವಿಷವಾಗುತ್ತದೆ. ಎಂ.ಡಿ.ಆರ್.1 ಎಂಬ ಜೀನಿನ ದೋಷ ಇದಕ್ಕೆ ಕಾರಣವೆಂದು 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಅಲ್ಲಿ ಪರೀಕ್ಷಿಸಿದ ಕೋಲಿಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಈ ದೋಷ ಕಂಡುಬಂದಿದೆ. ಜರ್ಮನ್ ಶೆಫರ್ಡ್‌ಗಳಲ್ಲೂ ಉಂಟು, ಕಡಿಮೆ. ದೋಷವಿರುವ ನಾಯಿಗೆ ಉಣುಗು ಕಜ್ಜಿಗಳಿಗೆಂದು ಕೊಡುವ ಪ್ರಮಾಣದಲ್ಲಿ ಈ ಔಷಧಿ ಹೋದರೆ ಜೊಲ್ಲು ಸುರಿಯುತ್ತದೆ, ಕಾಲು ತೂರಾಡುತ್ತದೆ, ಕಣ್ಣು ಕಾಣದಂತಾಗುತ್ತದೆ, ಪ್ರಜ್ಞೆ ತಪ್ಪುತ್ತದೆ, ಜೀವವೂ ಹೋಗಬಹುದು. ನಮ್ಮ ಭೇದಿಗೆ ನುಂಗುವ ಲೋಪೆರಮೈಡ್ ಗುಳಿಗೆಯೂ ಇದೇ ಸಾಲಿನದು. ಹಸುವಿಗೆ ತಂದು ಉಳಿದ ಇಂಜೆಕ್ಷನ್ ನಾಯಿಗೂ ಇರಲಿ ಎನ್ನಬೇಡಿ. ವೈದ್ಯರು ಸೂಜಿ ತೆಗೆಯುವ ಮೊದಲೇ “ಡಾಕ್ಟ್ರೇ, ಇದು ಕೋಲಿ ಜಾತಿ” ಎಂದು ಬಾಯಿಬಿಟ್ಟು ಹೇಳಿ. ಬೆರಕೆಯಾದರೂ ಹೇಳಿ. ಬೇರೆ ಔಷಧಿಗಳಿವೆ, ಅವರು ಆರಿಸಿಕೊಡುತ್ತಾರೆ.

ಕೊನೆಗೆ ಉಳಿಯುವುದು ಬಾಚಿ ತೆಗೆದ ಕೂದಲಿನ ರಾಶಿ. ಹಕ್ಕಿಗಳು ಗೂಡಿಗೆ ಒಯ್ಯಲಿ ಎಂದು ಹಿತ್ತಲಲ್ಲಿ ಹರಡುವ ಪದ್ಧತಿ ಕೆಲವು ಕಡೆ ಇದೆ. ಉಣುಗಿನ ಔಷಧಿ ಹಾಕಿದ ನಾಯಿಯದಾದರೆ ಹಾಗೆ ಮಾಡಬೇಡಿ. ಬ್ರಿಟನ್ನಿನಲ್ಲಿ ನೂರಕ್ಕೂ ಹೆಚ್ಚು ಹಕ್ಕಿಗೂಡುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಉಣುಗು ಚಿಗಟಗಳಿಗೆ ಬಳಸುವ ಫಿಪ್ರೋನಿಲ್ ಆ ಗೂಡುಗಳೆಲ್ಲದರಲ್ಲೂ ಸಿಕ್ಕಿತು. ಅಂಥ ಕೂದಲನ್ನು ಕಾಗದದಲ್ಲಿ ಸುತ್ತಿ ಒಣಕಸದ ಜೊತೆ ಕೊಟ್ಟುಬಿಡಿ. ಔಷಧಿ ಹಾಕಿರದ ನಾಯಿಯದಾದರೆ ತೆಂಗಿನ ಬುಡದಲ್ಲಿ ಹೂತುಹಾಕಬಹುದು, ಸಾವಕಾಶವಾಗಿ ಗೊಬ್ಬರವಾಗುತ್ತದೆ.