ಬಲ್ಮಠದ ಮಿಷನ್ ಮನೆ: ಐದು ಆಕ್ಷೇಪಗಳಿಗೆ ಉತ್ತರ

ಮಂಗಳೂರಿನ ಬಲ್ಮಠ ಗುಡ್ಡದಲ್ಲಿ ಬಾಸೆಲ್ ಮಿಷನ್ನಿನವರು ನೆಲೆಸಿದ ಬಂಗಲೆಯನ್ನೂ ಅದರ ಸುತ್ತಿನ ಹಳೆಯ ಕಟ್ಟಡಗಳನ್ನೂ ನಾಡಿನ ಸೊತ್ತೆಂದು ಕಾಪಾಡಬೇಕು ಎಂಬ ಮಾತನ್ನು ನಾನು ಹಲವು ಸಲ ಆಡಿದ್ದೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಗೆಳೆಯರು ಅದನ್ನು ಕೇಳಿ ಸುಮ್ಮನಾಗಲಿಲ್ಲ, ಎದುರಾಡಿದರು. ಅವರ ಮಾತುಗಳಲ್ಲಿ ಕೆಲವಕ್ಕೆ ತೂಕವಿದೆ. ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುತ್ತೇನೆ.

ಒಂದು: "ಅದು ನಮ್ಮನ್ನಾಳಿದವರ ಮನೆ. ಗುಲಾಮಗಿರಿಯ ಗುರುತನ್ನು ಯಾಕೆ ಕಾಯಬೇಕು?"

ಈ ಮಾತಿನಲ್ಲಿ ಅರ್ಧ ಸತ್ಯವಿದೆ. 1833ರ ಚಾರ್ಟರ್ ಕಾಯ್ದೆ ಬಾಗಿಲು ತೆರೆದ ಮೇಲೆಯೇ ಈ ಮಿಷನ್ ಇಲ್ಲಿಗೆ ಬಂದದ್ದು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1840ರಲ್ಲಿ ಬಲ್ಮಠದ ಆಸ್ತಿಯನ್ನು ದಾನ ಕೊಟ್ಟವನು ಕೆನರಾದ ಕಲೆಕ್ಟರ್ ಎಚ್. ಎಂ. ಬ್ಲೇರ್. ಕಂಪನಿ ಸರ್ಕಾರದ ನೆರಳು ಆ ಮನೆಯ ಮೇಲೆ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ.

ಇನ್ನರ್ಧವನ್ನೂ ಹೇಳಬೇಕು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಬಂದವರಲ್ಲಿ ಬಹಳಷ್ಟು ಮಂದಿ ಜರ್ಮನ್ ನಾಡಿನವರು. 1914ರಲ್ಲಿ ಮಹಾಯುದ್ಧ ಹತ್ತಿಕೊಂಡಾಗ ಬ್ರಿಟಿಷ್ ಸರ್ಕಾರವೇ ಈ ಜರ್ಮನರನ್ನು ಶತ್ರುದೇಶದವರೆಂದು ಬಂಧಿಸಿತು, ಮಿಷನ್ನಿನ ಕೈಗಾರಿಕೆಗಳು ಅವರ ಕೈತಪ್ಪಿದವು. ಆಳಿದವರು, ಮಿಷನ್ನಿನವರು ಇಬ್ಬರೂ ಒಂದೇ ಎಂದು ಗಂಟು ಹಾಕಿದರೆ ಲೆಕ್ಕ ತಪ್ಪುತ್ತದೆ.

ಬಲ್ಮಠಕ್ಕೆ ಹತ್ತಿರದಲ್ಲೇ ಬಾವುಟಗುಡ್ಡವಿದೆ. 1837ರ ಏಪ್ರಿಲಿನಲ್ಲಿ ಅಮರಸುಳ್ಯದ ರೈತರು ಕಂಪನಿ ಸರ್ಕಾರದ ವಿರುದ್ಧ ದಂಡೆದ್ದು ಮಂಗಳೂರನ್ನು ಹಿಡಿದು ಬಾವುಟ ಏರಿಸಿದ್ದು ಅಲ್ಲಿ. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಈಗ ಅಲ್ಲೇ ನಿಂತಿದೆ. ಒಂದು ಕಡೆ ದಂಗೆಯ ನೆಲ, ಹತ್ತಿರದಲ್ಲೇ ಕಲೆಕ್ಟರ್ ಕೊಟ್ಟ ಮನೆ. ಎರಡನ್ನೂ ನೋಡಿದ ಹುಡುಗನಿಗೆ ಆ ಕಾಲ ಅರ್ಥವಾಗುತ್ತದೆ. ಒಂದನ್ನು ಅಳಿಸಿದರೆ ಇನ್ನೊಂದು ಕಥೆಯೂ ಕುಂಟುತ್ತದೆ.

ಎರಡು: "ಮತಾಂತರಕ್ಕೆ ಕಟ್ಟಿದ ಮನೆಗೆ ಎಲ್ಲರ ಕಾಳಜಿ ಯಾಕೆ? ಅವರವರ ಸಮುದಾಯ ನೋಡಿಕೊಳ್ಳಲಿ."

ಮತಪ್ರಚಾರವೇ ಅವರ ಉದ್ದೇಶವಾಗಿತ್ತು, ಅದನ್ನು ಅವರೂ ಅಲ್ಲಗಳೆಯಲಿಲ್ಲ. 1844ರಲ್ಲಿ ಸಾರಸ್ವತ ಕುಟುಂಬದ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರು ಊರಿಗೆ ಊರೇ ಕಲಕಿಹೋಯಿತು. ಅಂಥ ಕುಟುಂಬಗಳ ನೋವು ನಿಜವಾದದ್ದು. ಮತ ಬದಲಿಸಿ ಮನೆ, ಜಾತಿ, ಕಸುಬು ಎಲ್ಲವನ್ನೂ ಕಳೆದುಕೊಂಡವರ ನೋವೂ ಅಷ್ಟೇ ನಿಜ. ಅವರ ಹೊಟ್ಟೆಪಾಡಿಗೆಂದೇ ನೇಯ್ಗೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳು ಬೆಳೆದವು. ಈ ಎರಡು ನೋವನ್ನೂ ಹೇಳುವ ಜಾಗ ಬಲ್ಮಠವೇ ಆಗಬೇಕು.

ಆದರೆ ಅಲ್ಲಿಂದ ಹೊರಟದ್ದು ಮತಪ್ರಚಾರದ ಪುಸ್ತಕವಷ್ಟೇ ಆಗಿರಲಿಲ್ಲ. 1843ರ ಜುಲೈ 1ರಂದು ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದ. ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ಪಾಕ್ಷಿಕವೇ ಕನ್ನಡದ ಮೊದಲ ಪತ್ರಿಕೆ. 1848ರಿಂದ 1853ರವರೆಗೆ ಅದೇ ಮೋಗ್ಲಿಂಗ್ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಓಲೆಗರಿಯಲ್ಲಿ, ಗಾಯಕರ ಬಾಯಲ್ಲಿ ಇದ್ದದ್ದು ಪುಸ್ತಕವಾಯಿತು. ಅದೇ ಮಿಷನ್ನಿನ ಕಿಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದ. ಅವನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದಲೇ ಹೊರಬಂತು. ಸುಮಾರು 70,000 ಪದಗಳ ಆ ನಿಘಂಟನ್ನು ಕನ್ನಡದ ವಿದ್ವಾಂಸರು ಇಂದಿಗೂ ಬಿಟ್ಟಿಲ್ಲ.

ದಾಸರ ಪದ ಹಾಡುವವರು, ಬಸವಪುರಾಣ ಓದಿಸುವವರು, ಜೈಮಿನಿ ಭಾರತದ ವಾಚನಕ್ಕೆ ಕೂರುವವರು ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇದ್ದಾರೆ. ಉದ್ದೇಶ ಅವರದ್ದಾದರೂ ಫಲ ಉಂಡವರು ನಾವು. ಹಾಗಿದ್ದಮೇಲೆ ಆ ಮನೆಯ ಹೊಣೆ ಒಂದೇ ಸಮುದಾಯದ್ದು ಹೇಗಾದೀತು?

ಮೂರು: "ಬಲ್ಮಠ ಎಲ್ಲಿ, ಜಗಳೂರು ಎಲ್ಲಿ? ಘಟ್ಟದ ಕೆಳಗಿನದ್ದು ನಮಗೆ ಯಾಕೆ?"

ಹೊನ್ನಾಳಿ, ನ್ಯಾಮತಿ ಕಡೆಯ ಹಳೆಯ ಮನೆಗಳ ಮಾಡನ್ನು ಒಮ್ಮೆ ನೋಡಿ. ನಾಡಹೆಂಚನ್ನು ಇಳಿಸಿ ಹೊದಿಸಿದ ಚಪ್ಪಟೆ ಹೆಂಚನ್ನು ನಾವು ಕರೆಯುವುದೇ 'ಮಂಗಳೂರು ಹೆಂಚು' ಎಂದು. 1865ರಲ್ಲಿ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಆಮೇಲೆ ಊರಿನ ಉದ್ಯಮಿಗಳೂ ಆ ಕಸುಬು ಹಿಡಿದರು, ಹೆಂಚು ಘಟ್ಟ ಹತ್ತಿ ಬಂತು. ನಾಡಹೆಂಚಿನ ಮಾಡಿಗೆ ವರ್ಷ ವರ್ಷ ಕೈಯಾಡಿಸಬೇಕಿತ್ತು. ಒಂದಕ್ಕೊಂದು ಕೊಂಡಿಯಾಗಿ ಕೂರುವ ಈ ಹೆಂಚು ಆ ಗೋಳನ್ನು ಬಹಳ ಕಡಿಮೆ ಮಾಡಿತು. ಜಗಳೂರಿನ ಬಯಲಲ್ಲಿ ಮಣ್ಣಿನ ಮಾಳಿಗೆ ಮನೆಗಳೇ ಹೆಚ್ಚು, ನಿಜ. ಆದರೆ ಜಗಳೂರಿನವರು ಬೆಳಗ್ಗೆ ಓದುವ ಪತ್ರಿಕೆಯ ವಂಶದ ಮೂಲ ಆ ಗುಡ್ಡದಲ್ಲೇ ಇದೆ.

ತಾಲೂಕು, ಜಿಲ್ಲೆಗಳ ಗಡಿ ಬದಲಾಗುತ್ತಲೇ ಇರುತ್ತದೆ. 1997ರವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ತಾಲೂಕಾದದ್ದು ತೀರ ಇತ್ತೀಚೆಗೆ. ಭಾಷೆಯ ಆಸ್ತಿಗೆ ಇಂಥ ಗಡಿ ಕಲ್ಲು ನೆಡಲಾಗದು.

ನಾಲ್ಕು: "ಪರಕೀಯರು ಕಟ್ಟಿದ್ದಕ್ಕೆ ಯಾಕಿಷ್ಟು ಆಸ್ಥೆ?"

ಇದನ್ನು ಕೇಳಿದವರು ಚನ್ನಗಿರಿ ತಾಲೂಕಿನವರು. ಅವರದೇ ಸಂತೇಬೆನ್ನೂರಿನ ಹೊಂಡಕ್ಕೆ ಅವರನ್ನು ಕರೆದೊಯ್ಯಬಯಸುತ್ತೇನೆ. ಪಾಳೆಯಗಾರ ಹನುಮಂತಪ್ಪ ನಾಯಕನ ಹೆಸರು ಹೊತ್ತ ಆ ಪುಷ್ಕರಣಿಯ ಪಕ್ಕದಲ್ಲಿ ಮುಸಾಫಿರಖಾನೆ ಇದೆ, ಅದು ಬಿಜಾಪುರದ ದಂಡು ಈ ಸೀಮೆಯನ್ನು ಹಿಡಿದ ಕಾಲದ್ದು. ಹೊಂಡ ಇಟ್ಟುಕೊಂಡು ಖಾನೆ ಕೆಡವಿ ಎಂದು ಯಾರೂ ಕೇಳುವುದಿಲ್ಲ. ಎರಡೂ ಒಟ್ಟಿಗೇ ರಕ್ಷಿತ ಸ್ಮಾರಕ. ಬಂದ ನೆಂಟರಿಗೆ ನಾವು ಎರಡನ್ನೂ ಹೆಮ್ಮೆಯಿಂದ ತೋರಿಸುತ್ತೇವೆ. ನಮ್ಮೂರಿನಲ್ಲಿ ಪಾಲಿಸುವ ಈ ನ್ಯಾಯವನ್ನು ಬಲ್ಮಠಕ್ಕೂ ಅನ್ವಯಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಐದು: "ಕಾಗದಪತ್ರ, ಚಿತ್ರಗಳೆಲ್ಲ ಬಾಸೆಲ್ಲಿನಲ್ಲಿ ಭದ್ರವಾಗಿವೆ. ಹಳೆಗೋಡೆಗೆ ದುಡ್ಡು ಸುರಿಯುವುದು ಯಾಕೆ?"

ಐದರಲ್ಲಿ ಗಟ್ಟಿ ಆಕ್ಷೇಪ ಇದು. ಬಾಸೆಲ್ಲಿನಲ್ಲಿ ದೊಡ್ಡ ದಾಖಲೆ ಭಂಡಾರವಿದೆ, ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಹಳೆಯ ಪುಸ್ತಕ, ಪತ್ರಗಳ ಸಂಗ್ರಹವಿದೆ. ಆದರೆ ದಾಖಲೆ ಓದುವವರು ನೂರರಲ್ಲಿ ಒಬ್ಬರು, ಮನೆಯನ್ನು ಕಂಡು ತಿಳಿಯುವವರು ಉಳಿದವರೆಲ್ಲ. ಮುರಕಲ್ಲಿನ ದಪ್ಪ ಗೋಡೆ, ಅಗಲ ಜಗಲಿ, ಇಳಿಜಾರು ಮಾಡು ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆಯ ಊರಿನಲ್ಲಿ ಹೇಗೆ ಬಾಳಿದವು ಎಂಬುದನ್ನು ಚಿತ್ರಕ್ಕಿಂತ ಕಟ್ಟಡ ಚೆನ್ನಾಗಿ ಹೇಳುತ್ತದೆ.

ಖರ್ಚಿನ ಮಾತಿಗೂ ಉತ್ತರವಿದೆ. ಇಂಥ ಮನೆಯನ್ನು ಕೊಲ್ಲುವುದು ವಯಸ್ಸಲ್ಲ, ಅಸಡ್ಡೆ. ಜಾರಿದ ಒಂದು ಹೆಂಚು ಸಾಕು: ನೀರಿಳಿದು ರೀಪು, ಪಕಾಸಿ ಕುಂಬಾಗುತ್ತವೆ, ಗೆದ್ದಲು ಹತ್ತುತ್ತದೆ, ಗೋಡೆ ನೆನೆಯುತ್ತದೆ. ಮಳೆಗಾಲಕ್ಕೆ ಮುಂಚೆ ಮಾಡು ನೋಡಿಸಿದರೆ ಕಡಿಮೆ ಖರ್ಚಿನಲ್ಲಿ ಮುಗಿಯುವ ಕೆಲಸ ಅದು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ. ಸುಣ್ಣ ಬಲ್ಲ ಕೆಲಸಗಾರರನ್ನು ಹುಡುಕಬೇಕು, ಅಷ್ಟೇ.

ಉಳಿಸುವುದೆಂದರೆ ಬೀಗ ಹಾಕಿಡುವುದೂ ಅಲ್ಲ. ಮೋಗ್ಲಿಂಗನ ಒಡನಾಡಿ ಗುಂಡರ್ಟ್ 1838ರಲ್ಲಿ ಮಂಗಳೂರಿಗೆ ಬಂದು ಮರುವರ್ಷ ತಲಶ್ಶೇರಿಗೆ ಹೋದವನು. ಮಲಯಾಳದ ನಿಘಂಟುಕಾರನೆಂದು ಹೆಸರಾದ ಅವನು ಅಲ್ಲಿನ ಇಲ್ಲಿಕ್ಕುನ್ನಿನಲ್ಲಿ ವಾಸಿಸಿದ ಬಂಗಲೆಯನ್ನು ಕೇರಳ ದುರಸ್ತಿ ಮಾಡಿಸಿ ಸಂಗ್ರಹಾಲಯವಾಗಿಸಿತು. ಕನ್ನಡದ ಮೊದಲ ಪತ್ರಿಕೆಗೂ ಅಂಥದ್ದೊಂದು ಮನೆ ಬೇಕು. ಕಲ್ಲಚ್ಚು ಹೇಗೆ ನಡೆಯುತ್ತಿತ್ತೆಂದು ಶಾಲೆಯ ಮಕ್ಕಳು ಅಲ್ಲಿ ಕೈಯಾರೆ ಮಾಡಿ ಕಲಿಯುವಂತಾಗಲಿ.

ಪ್ರತಿ ಜುಲೈ 1ರಂದು ರಾಜ್ಯದ ಊರೂರಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಆ ದಿನಕ್ಕೆ ಕಾರಣವೇ 'ಮಂಗಳೂರು ಸಮಾಚಾರ'. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಪತ್ರಕರ್ತರಲ್ಲಿ ನನ್ನದೊಂದು ಬೇಡಿಕೆ: ಮುಂದಿನ ಜುಲೈ 1ರಂದು ಹಾರ, ಶಾಲು, ಭಾಷಣಗಳ ಜೊತೆಗೆ ಬಲ್ಮಠದ ಆ ಕಟ್ಟಡಗಳನ್ನು ಸಂರಕ್ಷಿಸಬೇಕೆಂಬ ಒಂದು ನಿರ್ಣಯ ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸಿ. ಅದೇ ದಿನ ನಿಮ್ಮ ಊರಿನಲ್ಲಿ ಉಳಿದಿರುವ ಹಳೆಯ ಶಾಲೆ, ಬಂಗಲೆ, ಛತ್ರಗಳನ್ನೂ ಪಟ್ಟಿ ಮಾಡಿ. ಮಳೆಗಾಲಕ್ಕೆ ಮುಂಚೆ ಅವುಗಳ ಹೆಂಚು ನೋಡಿಸಿ.