ಪ್ರಯಾಣದಲ್ಲಿ ಕೂಸಿಗೆ ಭೇದಿಯಾದರೆ

ಬೇಸಗೆಯ ರಜ ಬಂದಿತೆಂದರೆ ರೈಲುಗಾಡಿಗಳಲ್ಲಿ ಇಂತಹ ಸಂಸಾರವನ್ನು ಕಾಣುವುದು ಅಪರೂಪವಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಗಾಡಿ. ಕಿಟಕಿಯ ಬಳಿ ಅಜ್ಜಿ, ಪಕ್ಕದಲ್ಲಿ ಸೊಸೆ, ಅವಳ ಮಡಿಲಲ್ಲಿ ಎರಡು ವರ್ಷದ ಮಗು. ಹಿಂದಿನ ದಿನ ಮದುವೆಯ ಮನೆಯಲ್ಲಿ ಕುಡಿದ ಪಾನಕವೋ, ಹೆಚ್ಚಿಟ್ಟು ಬಹಳ ಹೊತ್ತಾಗಿದ್ದ ಹಣ್ಣೋ, ಕಾರಣವನ್ನು ಹೇಳಬಲ್ಲವರಿಲ್ಲ. ತುಮಕೂರು ದಾಟುವಷ್ಟರಲ್ಲಿ ಮಗುವಿಗೆ ಎರಡು ಬಾರಿ ನೀರಿನಂತೆ ಭೇದಿಯಾಗುತ್ತದೆ. ಅರಸೀಕೆರೆ ಬರುವ ವೇಳೆಗೆ ನಾಲ್ಕು ಬಾರಿ. ಮಗು ನೀರಿಗಾಗಿ ಕೈ ಚಾಚುತ್ತದೆ.

"ಬೇಡ ಕಣಮ್ಮ, ನೀರು ಕೊಡಬೇಡ. ಕೊಟ್ಟಷ್ಟೂ ಕೆಳಗೆ ಹೋಗುತ್ತೆ. ಹೊಟ್ಟೆ ಖಾಲಿ ಇದ್ದರೆ ತಾನಾಗಿ ನಿಲ್ಲುತ್ತೆ" ಎನ್ನುತ್ತಾರೆ ಅಜ್ಜಿ.

"ಬಾಯಿ ಒಣಗಿದೆಯಲ್ಲ ಅತ್ತೆ..." ಎಂದು ಸೊಸೆ ಅನುಮಾನಿಸುತ್ತಾಳೆ.

ಅಜ್ಜಿಯ ಮಾತಿನಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಆ ಮಾತಿನಂತೆ ನಡೆದರೆ ಅಪಾಯವುಂಟು. ಭೇದಿ ಹಿಡಿದ ಮಗುವಿಗೆ ಪ್ರಾಣಭಯ ಒದಗುವುದು ಬಹುಮಟ್ಟಿಗೆ ಶರೀರದೊಳಗಿನ ನೀರು ಮತ್ತು ಲವಣಗಳು ಹೊರಟುಹೋಗುವುದರಿಂದ. ಎಳೆಯ ದೇಹದಲ್ಲಿ ಈ ಸಂಗ್ರಹ ಅಲ್ಪವಾದುದು. ಕೆಲವು ಗಂಟೆಗಳಲ್ಲಿಯೇ ಬರಿದಾಗಬಹುದು. ನೀರು ಕೊಡದೆ ಇದ್ದರೆ ಭೇದಿ ನಿಲ್ಲುವುದಿಲ್ಲ. ಮಗು ಒಣಗುತ್ತದೆ, ಅಷ್ಟೆ.

ಕೊಟ್ಟ ನೀರು ಒಳಗೆ ನಿಲ್ಲುವ ಬಗೆ ಹೇಗೆ? ಕರುಳಿನ ಗೋಡೆಯಲ್ಲಿ ಉಪ್ಪು ಮತ್ತು ಸಕ್ಕರೆ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲೊಂದುಂಟು. ಅವೆರಡೂ ಒಳಹೊಕ್ಕಾಗ ನೀರೂ ಅವುಗಳ ಬೆನ್ನು ಹಿಡಿದು ಒಳಗೆ ಸೇರುತ್ತದೆ. ತೀವ್ರವಾದ ಭೇದಿಯಲ್ಲಿಯೂ ಈ ಬಾಗಿಲು ಬಹುಪಾಲು ಕೆಡದೆ ಉಳಿದಿರುತ್ತದೆ. ಓಆರ್‌ಎಸ್ ಎಂಬ ಪುಡಿಯ ರಹಸ್ಯವೆಲ್ಲ ಇಷ್ಟೆ.

ಇದರ ಮಹಿಮೆ ಲೋಕಕ್ಕೆ ತಿಳಿದುದು ಸಂಕಟದ ಸಮಯದಲ್ಲಿ. 1971ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧವಾದಾಗ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ಸೇರಿದ ನಿರಾಶ್ರಿತರಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಏರಿಸುವ ಲವಣಜಲ ಸಾಲದಾಯಿತು. ಆಗ ಡಾಕ್ಟರ್ ದಿಲೀಪ್ ಮಹಾಲನಾಬಿಸ್ ಅವರು ಗ್ಲೂಕೋಸು, ಅಡಿಗೆಯ ಉಪ್ಪು, ಅಡಿಗೆ ಸೋಡಗಳನ್ನು ನೀರಿನಲ್ಲಿ ಬೆರೆಸಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ಅದನ್ನು ಕುಡಿಸಿದವರಲ್ಲಿ ರೋಗಿಗಳ ಬಂಧುಗಳೂ ಇದ್ದರು. ಕಾಲರಾ ಹಿಡಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದಲ್ಲಿ, ಈ ಉಪಚಾರ ದೊರೆತವರಲ್ಲಿ ಆ ಸಂಖ್ಯೆ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತಿತು.

ಇಂತಹ ಔಷಧ ಇಂದು ಔಷಧದಂಗಡಿಯಲ್ಲಿ ಅಲ್ಪಬೆಲೆಗೆ ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ಉಚಿತವಾಗಿ ಸಿಗುತ್ತದೆ. ಪ್ರಯಾಣಕ್ಕೆ ಹೊರಡುವಾಗ ಮಗುವಿನ ಬಟ್ಟೆಗಳ ಜೊತೆಗೆ ಎರಡು ಪೊಟ್ಟಣಗಳನ್ನೂ ಒಂದು ಲೀಟರ್ ಹಿಡಿಯುವ ಸೀಸೆಯನ್ನೂ ಇಟ್ಟುಕೊಳ್ಳತಕ್ಕದ್ದು. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ಅಥವಾ ಶುದ್ಧವಾದ ಒಂದು ಲೀಟರ್ ನೀರು ಬೇಕು. ಸಣ್ಣ ಪೊಟ್ಟಣಗಳೂ ಉಂಟಾದ್ದರಿಂದ ಮೇಲೆ ಅಚ್ಚಾಗಿರುವ ಅಳತೆಯನ್ನು ಓದಿಯೇ ಬೆರೆಸಬೇಕು. ಪುಡಿಯನ್ನು ಅಂದಾಜಿನಲ್ಲಿ ಲೋಟಕ್ಕೆ ಸುರಿಯುವುದು ಅಪಾಯಕರ. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು. ಬೆರೆಸಿದ ನೀರು 24 ಗಂಟೆಗಳಾದ ಮೇಲೆ ಉಪಯೋಗಕ್ಕೆ ಬಾರದು.

ಪೊಟ್ಟಣ ದೊರೆಯದಿದ್ದಲ್ಲಿ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಅದು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಕೂಡದು.

ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ಅನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಬೇಕು. ಒಂದೇ ಉಸಿರಿಗೆ ಕುಡಿಸದೆ, ಚಮಚದಿಂದ ತುಸುತುಸುವೇ ಹಾಕಬೇಕು. ವಾಂತಿಯಾದರೆ ಹತ್ತು ನಿಮಿಷ ತಾಳಿ, ಮತ್ತೆ ಇನ್ನೂ ನಿಧಾನವಾಗಿ ಆರಂಭಿಸಬೇಕು. ಮೊಲೆಹಾಲನ್ನು ಎಂದಿಗೂ ನಿಲ್ಲಿಸಬಾರದು. ಅನ್ನ ಉಣ್ಣುವ ಮಗುವಿಗೆ ಗಂಜಿ, ಮೊಸರನ್ನ, ಬಾಳೆಹಣ್ಣು ನಡೆಯಲಿ. ಜೊತೆಗೆ 10ರಿಂದ 14 ದಿನಗಳವರೆಗೆ ಸತುವಿನ ಮಾತ್ರೆಯನ್ನೂ ವೈದ್ಯರು ಬರೆದುಕೊಡುತ್ತಾರೆ. ಭೇದಿಯನ್ನು ತಡೆದು ನಿಲ್ಲಿಸುವ ದೊಡ್ಡವರ ಮಾತ್ರೆಗಳನ್ನು ಮಕ್ಕಳಿಗೆ ಕೊಡಲಾಗದು.

ಸ್ಟೇಷನ್ನಿನಲ್ಲಿ ಮಾರುವ ಬಣ್ಣದ ಪಾನೀಯಗಳನ್ನು ಇದಕ್ಕೆ ಬದಲಾಗಿ ಕೊಡಬಾರದು. ಅವುಗಳಲ್ಲಿ ಸಕ್ಕರೆ ಅತಿಯಾಗಿದ್ದು, ಅದು ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು.

ಮಗುವಿನ ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಬಹಳ ಹೊತ್ತು ಮೂತ್ರವಾಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಇಳಿದರೆ, ನೀರಿನ ಕೊರತೆಯುಂಟೆಂದು ಅರಿಯಬೇಕು. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದಷ್ಟು ಸೋತು ತೂಕಡಿಸಿದರೆ, ಏನು ಕೊಟ್ಟರೂ ವಾಂತಿಯಾದರೆ, ಅಥವಾ ಅದು ಎರಡು ತಿಂಗಳೂ ತುಂಬದ ಕೂಸಾಗಿದ್ದರೆ, ಊರು ಮುಟ್ಟಲಿ ಎಂದು ಕಾಯಲಾಗದು. ರೈಲಿನಲ್ಲಿದ್ದರೆ 139ಕ್ಕೆ ಕರೆ ಮಾಡಿ ವೈದ್ಯರ ನೆರವು ಕೇಳಬಹುದು. ನಮ್ಮ ರಾಜ್ಯದ ರಸ್ತೆಗಳಲ್ಲಿ 108ರ ಆಂಬ್ಯುಲೆನ್ಸ್ ಉಂಟು. ಅಲ್ಲಿಯವರೆಗೆ, ಮಗು ನುಂಗಬಲ್ಲದಾದರೆ, ಚಮಚ ನಿಲ್ಲಬಾರದು.

ಮತ್ತೆ ಆ ಗಾಡಿಗೆ ಬರೋಣ. ಸೊಸೆ ಚೀಲದಿಂದ ಪೊಟ್ಟಣವನ್ನು ತೆಗೆದು ಅಳತೆಗೆ ಸರಿಯಾಗಿ ಬೆರೆಸಿ, ಅತ್ತೆಯನ್ನು ಎದುರಾಡದೆ, ಚಮಚವನ್ನು ಅವರ ಕೈಗೇ ಕೊಟ್ಟರೆ ಹೇಗೆ? ಎರಡು ನಿಮಿಷಕ್ಕೊಂದು ಚಮಚದಂತೆ ಗಂಟೆಗಟ್ಟಲೆ ಬೇಸರಿಸದೆ ಕುಡಿಸಬಲ್ಲ ಸಹನೆ ಅಜ್ಜಿಯರಿಗಲ್ಲದೆ ಇನ್ನಾರಿಗುಂಟು? ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಕಾಯಿಲೆಯ ಮಕ್ಕಳಿಗೆ ಕುಡಿಸುತ್ತಿದ್ದ ಕೈಗಳೂ ಅವರವೇ. ಬೀರೂರು ದಾಟಿ, ದಾವಣಗೆರೆ ಬರುವಷ್ಟರಲ್ಲಿ ಮಗುವಿನ ತುಟಿ ಮತ್ತೆ ತೇವಗೊಂಡು, ಚಡ್ಡಿಯೂ ಮೂತ್ರದಿಂದ ಒದ್ದೆಯಾದರೆ, ಒದ್ದೆಯಾದ ಚಡ್ಡಿಯನ್ನು ಕಂಡು ಅಷ್ಟು ಸಂತೋಷಪಡುವ ತಾಯಿ ಆ ಗಾಡಿಯಲ್ಲಿ ಇನ್ನೊಬ್ಬಳಿರಲಾರಳು.