ಪರದೇಶದ ದುಡಿಮೆಗಾರನೂ ಪಾರ್ಲಿಮೆಂಟಿನ ಚರ್ಚೆಯೂ

‘ಪರದೇಶಿ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಅನ್ಯದೇಶದವನು ಎಂಬುದು ಒಂದು. ಹೇಳುವವರು ಕೇಳುವವರಿಲ್ಲದ ಅನಾಥ ಎಂಬುದು ಇನ್ನೊಂದು. ಮೊದಲನೆಯದು ಶಬ್ದದ ಅವಯವಗಳಿಂದ ನೇರವಾಗಿ ಸಿದ್ಧಿಸುವ ಅರ್ಥ. ಎರಡನೆಯದು ಲೋಕಾನುಭವದಿಂದ ಬಂದುದು. ಊರು ಬಿಟ್ಟು ದೂರ ಹೋದವನಿಗೆ ಆಪತ್ತು ಒದಗಿದರೆ ಹತ್ತಿರ ಬಂದು ನಿಲ್ಲುವವರು ಯಾರೂ ಇರುವುದಿಲ್ಲವೆಂಬುದನ್ನು ಜನ ಕಂಡುಂಡು ಆ ಒಂದೇ ಪದದಲ್ಲಿ ಅಡಕ ಮಾಡಿದ್ದಾರೆ. ಸ್ವತಂತ್ರ ರಾಷ್ಟ್ರಕ್ಕೆ ಪಾಸ್‌ಪೋರ್ಟು, ರಾಯಭಾರ ಕಚೇರಿ, ವಿದೇಶಾಂಗ ಸಚಿವಾಲಯ, ಇವೆಲ್ಲವನ್ನೂ ಪ್ರಶ್ನಿಸಬಲ್ಲ ಪಾರ್ಲಿಮೆಂಟು ಇರುವಾಗ ಈ ಎರಡನೆಯ ಅರ್ಥ ಎಂದೋ ಬಳಕೆ ತಪ್ಪಬೇಕಾಗಿತ್ತು. ತಪ್ಪಿದೆಯೆ ಎಂಬುದು ವಿಚಾರಾರ್ಹ.

ಪ್ರಾಚೀನ ರಾಜನೀತಿಕಾರರು ಪರರಾಜ್ಯದೊಡನೆ ನಡೆಸಬೇಕಾದ ವ್ಯವಹಾರವನ್ನು ಸಂಧಿ, ವಿಗ್ರಹ, ಯಾನ, ಆಸನ, ಸಂಶ್ರಯ, ದ್ವೈಧೀಭಾವವೆಂದು ಆರು ಬಗೆಯಾಗಿ ವಿಂಗಡಿಸಿದರು. ಈ ಷಾಡ್ಗುಣ್ಯದಲ್ಲಿ ಅರಸನಿದ್ದಾನೆ, ಶತ್ರುವಿದ್ದಾನೆ, ಮಿತ್ರನಿದ್ದಾನೆ. ಹೊಟ್ಟೆಪಾಡಿಗಾಗಿ ಪರರಾಜ್ಯಕ್ಕೆ ಹೋದ ಬಡಪ್ರಜೆಗೆ ಸ್ಥಾನವಿಲ್ಲ. ಆದರೆ ಅದೇ ಶಾಸ್ತ್ರ ಅರಸನ ಧರ್ಮವನ್ನು ಹೇಳುವಾಗ ಪ್ರಜೆಗಳ ‘ಯೋಗಕ್ಷೇಮ’ ಎಂದಿತು. ಇಲ್ಲದುದನ್ನು ಗಳಿಸುವುದು ಯೋಗ, ಗಳಿಸಿದುದನ್ನು ಕಾಪಾಡುವುದು ಕ್ಷೇಮ ಎಂಬುದು ಬಲ್ಲವರ ವಿವರಣೆ. ಕೊಲ್ಲಿಯ ನಾಡುಗಳಿಗೆ ಹೋಗುವ ಗಾರೆ ಕೆಲಸದವನು, ಬಡಗಿ, ವಾಹನ ಚಾಲಕ, ಮನೆಗೆಲಸದ ಹೆಣ್ಣುಮಗಳು ಯೋಗವನ್ನು ತಮ್ಮ ರಟ್ಟೆಯ ಬಲದಿಂದ ತಾವೇ ಸಾಧಿಸಿಕೊಳ್ಳುತ್ತಾರೆ. ಅವರು ಕಳುಹಿಸುವ ಹಣವನ್ನು ದೇಶ ಸಂತೋಷದಿಂದ ಜಮಾ ಬರೆದುಕೊಳ್ಳುತ್ತದೆ. ಕ್ಷೇಮದ ಭಾರ ಯಾರ ಹೆಗಲಿನದೆಂಬುದು ಮಾತ್ರ ಪ್ರತಿ ಸಲವೂ ಹೊಸದಾಗಿ ಕೇಳಬೇಕಾದ ಪ್ರಶ್ನೆಯಾಗಿ ಉಳಿದಿದೆ.

ವಿಶೇಷವೆಂದರೆ, ಭಾರತದ ಶಾಸನಸಭೆಯಲ್ಲಿ ಈ ಪ್ರಶ್ನೆ ಎದ್ದದ್ದು ಸ್ವಾತಂತ್ರ್ಯಕ್ಕೆ ಬಹು ಮೊದಲು. ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮಾರಿಷಸ್, ನೆಟಾಲ್, ಟ್ರಿನಿಡಾಡ್, ಫಿಜಿ ಮೊದಲಾದೆಡೆಯ ಕಬ್ಬಿನ ತೋಟಗಳಿಗೆ ಕೂಲಿಗಳನ್ನು ಹಡಗುಗಟ್ಟಲೆ ಸಾಗಿಸುವ ಪದ್ಧತಿ 1830ರ ದಶಕದಿಂದ ನಡೆದುಬಂದಿತ್ತು. 1910ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ನೆಟಾಲಿಗೆ ಕೂಲಿಗಳನ್ನು ಕಳುಹಿಸುವುದು ನಿಲ್ಲಬೇಕೆಂಬ ಗೊತ್ತುವಳಿಯನ್ನು ಮಂಡಿಸಿದರು, ಸರಕಾರ ಒಪ್ಪಿತು. 1912ರ ಮಾರ್ಚಿನಲ್ಲಿ ಆ ಪದ್ಧತಿಯನ್ನೇ ಸಮೂಲವಾಗಿ ರದ್ದುಗೊಳಿಸಬೇಕೆಂದು ಅವರು ಮತ್ತೊಂದು ಗೊತ್ತುವಳಿ ತಂದಾಗ ಅದು ಸರಕಾರಿ ಸದಸ್ಯರ ಬಹುಮತದ ಎದುರು ಬಿದ್ದುಹೋಯಿತು. ನಾಲ್ಕು ವರ್ಷಗಳ ಮೇಲೆ, 1916ರ ಮಾರ್ಚಿನಲ್ಲಿ, ಪಂಡಿತ ಮದನಮೋಹನ ಮಾಲವೀಯರು ಅದೇ ಬೇಡಿಕೆಯನ್ನು ಮುಂದಿಟ್ಟಾಗ ವೈಸರಾಯ್ ಹಾರ್ಡಿಂಜರು ತತ್ತ್ವತಃ ಸಮ್ಮತಿಸಬೇಕಾಯಿತು. 1917ರಲ್ಲಿ ಸಾಗಣೆ ನಿಂತಿತು. ಈ ಮಹನೀಯರಿಗೆ ಅಧಿಕಾರವಿರಲಿಲ್ಲ, ಬಹುಮತವಿರಲಿಲ್ಲ, ಯಾವ ದೇಶದಲ್ಲೂ ತಮ್ಮವನೆನ್ನುವ ಒಬ್ಬ ರಾಯಭಾರಿಯಿರಲಿಲ್ಲ. ಆದರೂ ಅವರು ಹಿಡಿದ ಜಾಗ ಸರಿಯಾಗಿತ್ತು. ಕೂಲಿಯವನನ್ನು ಯಾರು, ಏನು ಹೇಳಿ, ಯಾವ ಕಾಗದಕ್ಕೆ ರುಜು ಹಾಕಿಸಿ ಕರೆದೊಯ್ಯುತ್ತಾರೆ ಎಂಬಲ್ಲಿಂದಲೇ ಅವರ ವಾದ ಆರಂಭವಾಗುತ್ತಿತ್ತು. ಅವರು ಕಾದು ನಿಂತದ್ದು ಹೊರಡುವ ಬಾಗಿಲಿನಲ್ಲಿ.

ಸ್ವಾತಂತ್ರ್ಯಾನಂತರ ಜವಾಹರಲಾಲ್ ನೆಹರೂ ಅವರೇ ವಿದೇಶಾಂಗ ಖಾತೆಯನ್ನೂ ಹೊತ್ತಿದ್ದ ಕಾಲದಲ್ಲಿ ವಿದೇಶಾಂಗ ಚರ್ಚೆಯ ಘನತೆ ಬಹಳ ಏರಿತು. ಕೊರಿಯಾ, ಸೂಯೆಜ್, ಟಿಬೆಟ್, ಚೀನಾ ಮುಂತಾದ ವಿಷಯಗಳ ಮೇಲೆ ಉಭಯ ಸದನಗಳಲ್ಲಿಯೂ ವಾಗ್ಮಿಗಳು ಮಾತನಾಡಿದರು. ಅದು ದೇಶ ದೇಶಗಳ ನಡುವಣ ಚರ್ಚೆ; ಹೊರನಾಡಿನಲ್ಲಿ ದುಡಿಯುವ ಜನ ಅದರಲ್ಲಿ ಹಿಂದಿನ ಸಾಲಿಗೆ ಸರಿದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದವನ್ನೇ ನೋಡಬಹುದು. ಸಿಂಹಳದ ಚಹಾ, ರಬ್ಬರ್ ತೋಟಗಳ ಭಾರತೀಯ ಮೂಲದವರು 9,75,000 ಎಂದು ಎಣಿಸಿ, ಅವರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ, ಉಳಿದವರ ಮಾತು ಆಮೇಲೆ ಎಂದು ಹಂಚಿಕೊಳ್ಳಲಾಯಿತು. ತಲೆತಲಾಂತರದಿಂದ ಆ ಗುಡ್ಡಗಳಲ್ಲಿ ಚಹಾ ಎಲೆ ಕಿತ್ತವರನ್ನು ಈ ಹಂಚಿಕೆಗೆ ಮುನ್ನ ಯಾರೂ ಕೇಳಿದಂತಿಲ್ಲ. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳ ರಬ್ಬರ್ ತೋಟಗಳಲ್ಲಿ ನೆಲೆನಿಂತವು.

1973ರ ತರುವಾಯ ತೈಲದ ಬೆಲೆ ಏರಿ ಕೊಲ್ಲಿಯ ನಾಡುಗಳು ಕೆಲಸಗಾರರನ್ನು ಕರೆಯತೊಡಗಿದವು. ಕೇರಳ, ಕರಾವಳಿ, ಆಂಧ್ರಗಳಿಂದ ಆರಂಭವಾದ ಈ ಪ್ರವಾಹಕ್ಕೆ 1922ರ ಹಳೆಯ ಕಾಯಿದೆ ಸಾಲದೆ 1983ರಲ್ಲಿ ಹೊಸ ವಲಸೆ ಕಾಯಿದೆ ಬಂತು. 1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿ 1,70,000ಕ್ಕೂ ಹೆಚ್ಚು ಭಾರತೀಯರಿದ್ದರು. ವಿದೇಶಾಂಗ ಸಚಿವ ಇಂದರ್ ಕುಮಾರ್ ಗುಜ್ರಾಲರು ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ಆಗಿನ ಆಲಿಂಗನದ ಚಿತ್ರ ಲೋಕದಲ್ಲೆಲ್ಲ ಪ್ರಚಾರವಾಗಿ ದೊಡ್ಡ ಟೀಕೆಗೆ ಗುರಿಯಾಯಿತು. ಅದು ಉಚಿತವೋ ಅನುಚಿತವೋ ಎಂಬುದನ್ನು ರಾಜತಂತ್ರಜ್ಞರು ಚರ್ಚಿಸಲಿ. ಆದರೆ ಟೀಕಾಕಾರರ ಕಣ್ಣಿಗೆ ಆ ಚಿತ್ರ ಬಿದ್ದಷ್ಟು ಮರುಭೂಮಿಯನ್ನು ದಾಟಿ ಜೋರ್ಡಾನಿನ ಅಮ್ಮಾನಿಗೆ ಬರುತ್ತಿದ್ದ ಜನ ಬೀಳಲಿಲ್ಲವೆಂಬುದು ನಿಜ. ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ಸಲ ಹಾರಾಟ ನಡೆಸಿ ಅಮ್ಮಾನಿನಿಂದ ಮುಂಬಯಿಗೆ ಒಂದು ಲಕ್ಷಕ್ಕೂ ಮೀರಿ ಜನರನ್ನು ಕರೆತಂದಿತು. ಅಪಕೀರ್ತಿಯನ್ನು ಹೊತ್ತಾದರೂ ಪ್ರಜೆಗಳನ್ನು ಮನೆ ಸೇರಿಸಿದ ಸಚಿವರ ನಡೆಯನ್ನು ಮೆಚ್ಚಿಕೊಳ್ಳುವುದೇ ನ್ಯಾಯ.

ಮೋಸುಲಿನ ಪ್ರಕರಣಕ್ಕೆ ಇಂಥ ಸುಖಾಂತವಿಲ್ಲ. ಪಾರ್ಲಿಮೆಂಟಿನ ಮಟ್ಟಿಗೆ ಅದರಿಂದ ಕಲಿಯಬೇಕಾದದ್ದು ಹೆಚ್ಚು. 2014ರ ಜೂನ್ ತಿಂಗಳಲ್ಲಿ ಐಸಿಸ್ ಉಗ್ರರು ಇರಾಕಿನ ಮೋಸುಲ್ ನಗರವನ್ನು ವಶಪಡಿಸಿಕೊಂಡಾಗ ಕಟ್ಟಡ ಕೆಲಸಕ್ಕೆ ಹೋಗಿದ್ದ 40 ಮಂದಿ ಭಾರತೀಯರು ಸೆರೆ ಸಿಕ್ಕರು. ಬಹುಪಾಲು ಪಂಜಾಬಿನವರು. ಒಬ್ಬನು ಹೇಗೋ ಪಾರಾಗಿ ಬಂದು, ಉಳಿದವರನ್ನು ಗುಂಡಿಟ್ಟು ಕೊಂದರೆಂದು ಹೇಳಿದನು. ಅದೇ ಹೊತ್ತಿಗೆ ಟಿಕ್ರಿತ್‌ನಲ್ಲಿ ಸಿಲುಕಿದ್ದ ಕೇರಳದ 46 ಮಂದಿ ದಾದಿಯರು ಸುರಕ್ಷಿತವಾಗಿ ಹಿಂದಿರುಗಿದ್ದರಿಂದ, ಇವರೂ ಬಂದಾರು ಎಂಬ ಆಸೆ ಎಲ್ಲರಲ್ಲಿತ್ತು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜರು ಪಾರಾದವನ ಮಾತನ್ನು ಒಪ್ಪಲಿಲ್ಲ. ಅವರೆಲ್ಲ ಬದುಕಿದ್ದಾರೆಂದು ಹಲವು ಮೂಲಗಳಿಂದ ತಿಳಿದಿದೆಯೆಂದು ಸದನಕ್ಕೆ ಹೇಳಿದರು. 2017ರ ಜುಲೈಯಲ್ಲಿ ಮೋಸುಲ್ ಬಿಡುಗಡೆಯಾದ ಮೇಲೆ, ಸಾಕ್ಷ್ಯವಿಲ್ಲದೆ ಯಾರನ್ನೇ ಆಗಲಿ ಸತ್ತರೆಂದು ಸಾರುವುದು ಪಾಪವೆಂಬ ಆಶಯದ ಉತ್ತರವನ್ನು ಲೋಕಸಭೆಯಲ್ಲಿ ಕೊಟ್ಟರು. ಮುಂದೆ ಬದೂಷ್ ಎಂಬಲ್ಲಿ ಮಣ್ಣಿನ ದಿಬ್ಬವೊಂದರ ಅಡಿಯಲ್ಲಿ 39 ಶವಗಳು ದೊರೆತವು. ಉದ್ದ ಕೂದಲು, ಕೈಯ ಕಡಗ ಗುರುತು ಹೇಳಿದವು. ಬಂಧುಗಳ ರಕ್ತದೊಡನೆ ಹೋಲಿಸಿ ನೋಡಿದ ಡಿಎನ್‌ಎ ಪರೀಕ್ಷೆ ಅದನ್ನು ದೃಢಪಡಿಸಿತು. 2018ರ ಮಾರ್ಚ್ 20ರಂದು ಸಚಿವರು ರಾಜ್ಯಸಭೆಯಲ್ಲಿ ಈ ವಾರ್ತೆಯನ್ನು ಓದಿದರು. ಸದಸ್ಯರು ಎದ್ದುನಿಂತು ಮೌನ ಆಚರಿಸಿದರು. ಅದೇ ದಿನ ಲೋಕಸಭೆಯಲ್ಲಿ ಗದ್ದಲದಿಂದಾಗಿ ಹೇಳಿಕೆ ಪೂರ್ತಿಯಾಗಿ ಕೇಳಿಸಲಿಲ್ಲ.

ಸಾಕ್ಷ್ಯವಿಲ್ಲದೆ ಮರಣವನ್ನು ಸಾರಲು ಒಪ್ಪದಿದ್ದುದು ಸರಿಯಾದ ನಿಲುವೇ. ಆದರೆ ಸಾಕ್ಷ್ಯವಿಲ್ಲದೆ ಜೀವಂತವಾಗಿದ್ದಾರೆಂಬ ಭರವಸೆಯನ್ನು ಕೊಡುವುದಕ್ಕೂ ಅದೇ ಕಟ್ಟುಪಾಡು ಅನ್ವಯಿಸಬೇಕಲ್ಲವೆ? ಹೆಚ್ಚು ಕಡಿಮೆ ನಾಲ್ಕು ವರ್ಷ ಆ ಮನೆಗಳ ತಾಯಂದಿರು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು. ಇನ್ನೊಂದು ನೋವು ಇದಕ್ಕಿಂತ ತೀಕ್ಷ್ಣವಾದದ್ದು. ಮಕ್ಕಳ ಸಾವನ್ನು ತಾವು ದೂರದರ್ಶನದ ವಾರ್ತೆಯಿಂದ ತಿಳಿಯಬೇಕಾಯಿತೆಂದು ಹಲವು ಕುಟುಂಬಗಳು ದುಃಖಿಸಿದವು. ಅಧಿವೇಶನ ನಡೆಯುತ್ತಿರುವಾಗ ಮೊದಲು ಸದನಕ್ಕೆ ತಿಳಿಸುವುದು ತಮ್ಮ ಕರ್ತವ್ಯವಾಗಿತ್ತೆಂದು ಸಚಿವರು ಸಮಾಧಾನ ಹೇಳಿದರು. ಪಾರ್ಲಿಮೆಂಟಿನ ಸಂಪ್ರದಾಯ ಹಾಗಿರುವುದು ನಿಜ. ಆದರೆ ಆ ಸಂಪ್ರದಾಯ ಹುಟ್ಟಿದ್ದು ಸರಕಾರದ ನೀತಿ ನಿರ್ಧಾರಗಳು ಜನಪ್ರತಿನಿಧಿಗಳಿಗಿಂತ ಮುಂಚೆ ಇತರರಿಗೆ ತಿಳಿಯಬಾರದೆಂದು. ಸೂತಕದ ಸುದ್ದಿಗೆ ಬೇರೆ ಸಂಪ್ರದಾಯವಿದೆ. ಸಂಸ್ಕೃತದಲ್ಲಿ ‘ಸದನ’ವೆಂದರೂ ಮನೆಯೇ, ಯಾವ ಮನೆಗೆ ಮೊದಲು ಹೋಗಬೇಕೆಂಬುದನ್ನು ಹಳ್ಳಿಯ ಓಲೆಕಾರನೂ ಬಲ್ಲ. ಒಂದು ಗಂಟೆ ಮುಂಚಿತವಾಗಿ ಆಯಾ ಜಿಲ್ಲೆಯ ಅಧಿಕಾರಿಗಳು 39 ಮನೆಗಳ ಬಾಗಿಲು ತಟ್ಟಿದ್ದರೆ ಸದನದ ಹಕ್ಕಿಗೆ ಯಾವ ಚ್ಯುತಿಯೂ ಬರುತ್ತಿರಲಿಲ್ಲ.

ಶವಗಳನ್ನು ಕರೆತಂದ ರಾಜ್ಯ ಸಚಿವ ವಿ. ಕೆ. ಸಿಂಗರು ಆಗ ಒಂದು ಮಾತು ಹೇಳಿದರು: ಈ ಜನ ಏಜೆಂಟರ ಮೂಲಕ ಅಕ್ರಮವಾಗಿ ಹೋದವರು, ರಾಯಭಾರ ಕಚೇರಿಯಲ್ಲಿ ಇವರ ದಾಖಲೆಯೇ ಇರಲಿಲ್ಲ ಎಂದು. ಇಡೀ ಪ್ರಕರಣದಲ್ಲಿ ಪಾರ್ಲಿಮೆಂಟು ದಿನಗಟ್ಟಲೆ ಚರ್ಚಿಸಬೇಕಾಗಿದ್ದ ಮಾತು ಇದೊಂದೇ. ಬದುಕಿದ್ದಾರೆಯೆ, ಇಲ್ಲವೆ ಎಂಬುದರ ಮೇಲೆ ಸದನ ಅಷ್ಟು ವರ್ಷ ಪ್ರಶ್ನೆ ಕೇಳಿತು. ಹೇಗೆ ಹೋದರು, ಯಾರು ಕಳುಹಿಸಿದರು ಎಂಬುದು ಹಿಂದುಳಿಯಿತು.

ಇಲ್ಲಿ 1983ರ ಕಾಯಿದೆಯ ಒಂದು ವೈಚಿತ್ರ್ಯವನ್ನು ಶಿಕ್ಷಕರ ಗಮನಕ್ಕೆ ತರುವುದು ಅವಶ್ಯ. ಹತ್ತನೆಯ ತರಗತಿಯನ್ನು ಮುಗಿಸದವನು ಸೌದಿ ಅರೇಬಿಯಾ, ಕುವೈತ್, ಕತಾರ್, ಇರಾಕ್, ಮಲೇಷ್ಯಾ ಮೊದಲಾದ ಗೊತ್ತಾದ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಆ ಅಧಿಕಾರಿ ಅವನ ಕರಾರು, ಸಂಬಳ, ವಿಮೆಗಳನ್ನು ನೋಡುತ್ತಾನೆ. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವನಿಗೆ ಈ ತಪಾಸಣೆಯಿಲ್ಲ. ಅವನು ವಿದ್ಯಾವಂತ, ತನ್ನನ್ನು ತಾನೇ ಕಾಪಾಡಿಕೊಳ್ಳುವನು ಎಂಬುದು ಕಾಯಿದೆಯ ಊಹೆ. ಅಂದರೆ ಶಾಲೆಯು ಹರಸಿ ಕೊಡಿಸುವ ಅಂಕಪಟ್ಟಿಯೇ ಬಾಲಕನನ್ನು ಸಂರಕ್ಷಕನ ಕಣ್ಣಿನಿಂದ ದೂರ ಮಾಡುತ್ತದೆ! ವಿದ್ಯೆಯ ಬಗ್ಗೆ ಇಷ್ಟು ದೊಡ್ಡ ನಂಬಿಕೆ ಅಧ್ಯಾಪಕರಿಗೂ ಇರಲಾರದು. ಅರಬ್ಬಿ ಭಾಷೆಯ ಕರಾರು ಪತ್ರವನ್ನು ಓದಲು ಹತ್ತನೆಯ ತರಗತಿ ಹೇಗೆ ಸಾಧನವಾದೀತು? ಪದವಿ ಪಡೆದ ದಾದಿಯರೂ ಮೋಸಹೋಗುವುದನ್ನು ಕಂಡು 2015ರಲ್ಲಿ ಸರಕಾರವೇ ಅವರನ್ನು ಮತ್ತೆ ಈ ತಪಾಸಣೆಗೆ ಒಳಪಡಿಸಿತು. ಉಳಿದವರಿಗೆ ಆ ವಿವೇಚನೆ ದೊರೆಯಲಿಲ್ಲ.

ಹದಿನೆಂಟು ದೇಶಗಳ ಆಚೆ ಏನು ನಡೆಯುತ್ತದೆಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ. ರಷ್ಯಾದಲ್ಲಿ ಕಾವಲು ಕೆಲಸವೆಂದು ಏಜೆಂಟನು ನಂಬಿಸಿ ಕರೆದೊಯ್ದ ಅಲ್ಲಿಯ ಯುವಕರನ್ನು ಉಕ್ರೇನಿನ ಯುದ್ಧಭೂಮಿಗೆ ದೂಡಲಾಯಿತೆಂಬುದು 2024ರ ಫೆಬ್ರವರಿಯಲ್ಲಿ ಬೆಳಕಿಗೆ ಬಂತು. ಅವರು ಮರಳಿದ್ದು ಸೆಪ್ಟೆಂಬರಿನಲ್ಲಿ. ಜುಲೈಯಲ್ಲಿ ಪ್ರಧಾನಿಗಳೇ ಮಾಸ್ಕೋದಲ್ಲಿ ಈ ಮಾತನ್ನೆತ್ತಬೇಕಾಯಿತು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯದ ಸೇನೆಗೆ ಸೇರಿಕೊಂಡ ಭಾರತೀಯರು 126, ಮರಳಿದವರು 96, ಮೃತರಾದವರು 12, ಸುಳಿವು ಸಿಗದವರು 16. ರಷ್ಯಾ ಆ ಹದಿನೆಂಟರ ಪಟ್ಟಿಯಲ್ಲಿಲ್ಲ. ಆದ್ದರಿಂದ ಈ ಹುಡುಗರನ್ನು ಬಾಗಿಲಲ್ಲಿ ತಡೆದು ಕೇಳುವವರು ಯಾರೂ ಇರಲಿಲ್ಲ.

ಆಪತ್ತು ಬಂದಾಗ ಭಾರತ ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಅಂತರ್ಯುದ್ಧ ಹೊತ್ತಿದಾಗ ನಡೆದ ರಕ್ಷಣಾಕಾರ್ಯಕ್ಕೆ ಕಾವೇರಿಯ ಹೆಸರನ್ನೇ ಇಡಲಾಯಿತು; ನೌಕೆಯಲ್ಲಿಯೂ ವಿಮಾನದಲ್ಲಿಯೂ 3,800ಕ್ಕೂ ಮೀರಿ ಜನ ಪಾರಾದರು. ಅವರಲ್ಲಿ ಗಿಡಮೂಲಿಕೆಯ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಅದು ವಿಧಾನಸಭಾ ಚುನಾವಣೆಯ ಕಾಲ. ಅವರನ್ನು ಕುರಿತು ವಿದೇಶಾಂಗ ಸಚಿವರಿಗೂ ಸಿದ್ದರಾಮಯ್ಯನವರಿಗೂ ಸಾಮಾಜಿಕ ಜಾಲತಾಣದಲ್ಲಿ ಬಿರುಸಾದ ಮಾತು ನಡೆದವು. ಅಕ್ಷರದ ಗಂಧ ಬಹಳ ತಡವಾಗಿ ಸೋಕಿದ ಒಂದು ಅಲೆಮಾರಿ ಸಮುದಾಯ ಖಾರ್ಟೂಮಿನವರೆಗೆ ಏಕೆ ಹೋಗಬೇಕಾಯಿತೆಂಬ ವಿಚಾರ ಆ ವಾಗ್ವಾದದಲ್ಲಿ ಬರಲಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಸತ್ತಾಗಲೂ ಶವಗಳು ವಾಯುಸೇನೆಯ ವಿಮಾನದಲ್ಲಿ ಎರಡೇ ದಿನದಲ್ಲಿ ಬಂದವು. ಇದು ಸಾಮರ್ಥ್ಯವೇ. ಅಂಥ ಕಟ್ಟಡದಲ್ಲಿ ಅಷ್ಟು ಜನರನ್ನು ಇಡಬಾರದೆಂದು ಮಾಲೀಕನಿಗೆ ಮೊದಲೇ ಹೇಳಬಲ್ಲ ಸಾಮರ್ಥ್ಯ ಬೇರೆ; ಅದು ಉಭಯ ದೇಶಗಳ ಕಾರ್ಮಿಕ ಒಪ್ಪಂದದ ವಾಕ್ಯಗಳಲ್ಲಿ ಅಡಗಿರುತ್ತದೆ. ಆ ವಾಕ್ಯಗಳನ್ನು ಸದನದಲ್ಲಿ ಓದಿ ಪ್ರಶ್ನಿಸುವ ಸದಸ್ಯರು ವಿರಳ.

1983ರ ಕಾಯಿದೆಗೆ ಬದಲಾಗಿ ಹೊಸದನ್ನು ತರಬೇಕೆಂಬ ಕರಡುಗಳು 2019ರಲ್ಲೊಮ್ಮೆ, 2021ರಲ್ಲೊಮ್ಮೆ, 2025ರಲ್ಲೊಮ್ಮೆ ಪ್ರಕಟವಾದವು. ಇಂಥ ಕರಡು ಸದನಕ್ಕೆ ಬಂದಾಗ ಗ್ಯಾಲರಿ ತುಂಬುವುದಿಲ್ಲ. ಮೌನಾಚರಣೆಯೂ ಇರುವುದಿಲ್ಲ, ಗದ್ದಲವೂ ಇರುವುದಿಲ್ಲ. ಏಜೆಂಟನು ಕಾಯಿದೆಯಂತೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯಕೂಡದೆಂದಿರುವಾಗ ಹೊಲ ಮಾರಿ ಲಕ್ಷಗಟ್ಟಲೆ ತೆತ್ತವರ ದೂರನ್ನು ಎಲ್ಲಿ ಕೇಳಬೇಕು, ಪಟ್ಟಿಯಿಲ್ಲದ ದೇಶಕ್ಕೆ ಹೋಗುವವನ ಹೆಸರನ್ನು ಎಲ್ಲಿ ಬರೆಯಬೇಕು, ಎಸ್.ಎಸ್.ಎಲ್.ಸಿ. ಆದವನಿಗೂ ತಪಾಸಣೆ ಬೇಕೆ ಎಂಬ ಒಣ ವಿಷಯಗಳ ಚರ್ಚೆ ಅದು. ಯುವಕರು ಹೊರನಾಡಿಗೆ ಹೊರಡುವ ಜಿಲ್ಲೆಗಳ ಸದಸ್ಯರು, ಯಾವ ಪಕ್ಷದವರೇ ಆಗಲಿ, ಅಂದು ತಮ್ಮ ಆಸನದಲ್ಲಿ ಹಾಜರಿರಬೇಕು. ಅಲ್ಲಿಯವರೆಗೆ ಹತ್ತನೆಯ ತರಗತಿಯ ಕೊನೆಯ ವಾರದಲ್ಲಿ ಒಂದು ಪಾಠಾವಧಿಯನ್ನು ತೆಗೆದಿಟ್ಟು, ಕರಾರು ಪತ್ರವೆಂದರೇನು, ನೋಂದಾಯಿತ ಏಜೆಂಟನನ್ನು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಗುರುತಿಸುವುದು ಹೇಗೆ, ಪಾಸ್‌ಪೋರ್ಟನ್ನು ಮಾಲೀಕನ ಕೈಗೆ ಏಕೆ ಕೊಡಬಾರದು ಎಂಬುದನ್ನು ಹೇಳಿಕೊಡುವುದಕ್ಕೆ ಶಾಲೆಗಳಿಗೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಿಲ್ಲ. ಹೊರದೇಶಗಳಲ್ಲಿ ದುಡಿದು ಬಂದ ಹಳೆಯ ವಿದ್ಯಾರ್ಥಿಗಳು ಊರೂರಿನಲ್ಲಿದ್ದಾರೆ. ಆ ಪಾಠವನ್ನು ಅವರೇ ಬಂದು ಹೇಳಬಹುದು.